ಫಾರೆಕ್ಸ್ ಬ್ರೋಕರ್ ನಿಯಮ ಪಾಲಿಸುತ್ತಿದ್ದಾನೆಯೇ? ಹೊರಗಿನಿಂದಲೇ ಪರೀಕ್ಷಿಸುವ ಬಗೆ

ಫಾರೆಕ್ಸ್ ಬ್ರೋಕರ್ ಎಂದರೆ ವಿದೇಶಿ ಕರೆನ್ಸಿಗಳ ಬೆಲೆಯ ಮೇಲೆ ವಹಿವಾಟು ನಡೆಸಲು ಗ್ರಾಹಕರಿಗೆ ಅವಕಾಶ ಕೊಡುವ ಮಧ್ಯವರ್ತಿ. ಅಂಥ ಯಾರ ವೆಬ್‌ಸೈಟ್ ತೆರೆದರೂ ಮೊದಲು ಪುಟದ ತೀರಾ ಕೆಳಕ್ಕೆ ಹೋಗಿ. ಮೇಲೆ ದೊಡ್ಡದಾಗಿ ಕಾಣುವುದು ಬ್ರ್ಯಾಂಡಿನ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿರುವುದು ಕಂಪನಿಯ ಹೆಸರು. ಪರವಾನಗಿ ಸಿಗುವುದು ಬ್ರ್ಯಾಂಡಿಗಲ್ಲ, ಕಂಪನಿಗೆ. ಒಂದೇ ಬ್ರ್ಯಾಂಡಿನ ಹಿಂದೆ ಲಂಡನ್ನಿನಲ್ಲೊಂದು, ಸೈಪ್ರಸ್ಸಿನಲ್ಲೊಂದು, ಸೇಶೆಲ್ಸ್‌ನಲ್ಲೊಂದು ಕಂಪನಿ ಇರುವುದು ಈ ವ್ಯವಹಾರದಲ್ಲಿ ಮಾಮೂಲಿ. ಜಾಹೀರಾತಿನಲ್ಲಿ ಲಂಡನ್ನಿನ ಪರವಾನಗಿ ತೋರಿಸಿ, ನಿಮ್ಮ ಖಾತೆಯನ್ನು ಮಾತ್ರ ದ್ವೀಪದ ಕಂಪನಿಯಲ್ಲಿ ತೆರೆದರೆ ಲಂಡನ್ನಿನ ಯಾವ ರಕ್ಷಣೆಯೂ ನಿಮಗೆ ದಕ್ಕುವುದಿಲ್ಲ. ನೀವು ಒಪ್ಪಿಗೆ ಒತ್ತುವ ಗ್ರಾಹಕ ಒಪ್ಪಂದದ ಮೊದಲ ಪುಟದಲ್ಲಿ ಯಾವ ಕಂಪನಿಯ ಹೆಸರಿದೆಯೋ ಅದೊಂದೇ ಲೆಕ್ಕಕ್ಕೆ ಬರುತ್ತದೆ.

‘ಅಂತರರಾಷ್ಟ್ರೀಯ ಫಾರೆಕ್ಸ್ ಲೈಸೆನ್ಸ್’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಅಂಥದ್ದೊಂದು ಇಲ್ಲ. ಕಪ್ಪುಹಣ ತಡೆಗೆ ಎಫ್‌ಎಟಿಎಫ್ ಎಂಬ ಅಂತರಸರ್ಕಾರಿ ಸಂಸ್ಥೆ 40 ಶಿಫಾರಸುಗಳನ್ನು ಕೊಟ್ಟಿದೆ, ದೇಶಗಳು ತೆರಿಗೆ ಮಾಹಿತಿ ಹಂಚಿಕೊಳ್ಳಲು ಒಇಸಿಡಿ ಎಂಬ ದೇಶಗಳ ಒಕ್ಕೂಟದ ಸಿಆರ್‌ಎಸ್ ವ್ಯವಸ್ಥೆ ಇದೆ. ಆದರೆ ಪರವಾನಗಿ ಕೊಡುವುದು, ದಂಡ ಹಾಕುವುದು, ಬಾಗಿಲು ಮುಚ್ಚಿಸುವುದು ಆಯಾ ದೇಶದ ನಿಯಂತ್ರಕರ ಕೆಲಸ. ಬ್ರಿಟನ್ನಿನಲ್ಲಿ ಎಫ್‌ಸಿಎ, ಸೈಪ್ರಸ್ಸಿನಲ್ಲಿ ಸೈಸೆಕ್, ಆಸ್ಟ್ರೇಲಿಯಾದಲ್ಲಿ ಏಸಿಕ್, ಅಮೆರಿಕದಲ್ಲಿ ಸಿಎಫ್‌ಟಿಸಿ ಮತ್ತು ಎನ್‌ಎಫ್‌ಎ, ಭಾರತದಲ್ಲಿ ಆರ್‌ಬಿಐ ಮತ್ತು ಸೆಬಿ.

ನೋಂದಣಿ ಪುಸ್ತಕದಲ್ಲಿ ಹುಡುಕುವುದು

ಬ್ರೋಕರ್ ಕಳಿಸಿದ ಲಿಂಕ್ ಒತ್ತಬೇಡಿ. ನಿಯಂತ್ರಕರ ವೆಬ್‌ಸೈಟನ್ನು ನೀವೇ ಟೈಪ್ ಮಾಡಿ ತೆರೆದು, ಎಫ್‌ಸಿಎ ಆದರೆ ಫೈನಾನ್ಷಿಯಲ್ ಸರ್ವಿಸಸ್ ರಿಜಿಸ್ಟರ್‌ನಲ್ಲಿ, ಎನ್‌ಎಫ್‌ಎ ಆದರೆ ‘ಬೇಸಿಕ್’ ಎಂಬ ಪುಟದಲ್ಲಿ ಹುಡುಕಿ. ಎಫ್‌ಸಿಎ ಪ್ರತಿ ಕಂಪನಿಗೂ 6 ಅಥವಾ 7 ಅಂಕಿಯ ಸಂಖ್ಯೆ ಕೊಟ್ಟಿರುತ್ತದೆ. ಹೆಸರಿಗಿಂತ ಆ ಸಂಖ್ಯೆಯಿಂದ ಹುಡುಕುವುದು ಮೇಲು.

ಹೆಸರು ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ. ವಂಚಕರು ನಿಜವಾದ ಕಂಪನಿಯ ಹೆಸರು, ಸಂಖ್ಯೆ, ವಿಳಾಸ ಎಲ್ಲವನ್ನೂ ಎತ್ತಿಕೊಂಡು ತಮ್ಮ ಸೈಟಿನಲ್ಲಿ ಹಾಕುತ್ತಾರೆ. ಇವನ್ನು ಎಫ್‌ಸಿಎ ‘ಕ್ಲೋನ್’ ಸಂಸ್ಥೆಗಳೆಂದು ಕರೆದು ಎಚ್ಚರಿಕೆ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಅವರಿಗೆ ಬದಲಿಸಲಾಗದ್ದು ನಿಯಂತ್ರಕರ ಪುಟದಲ್ಲಿರುವ ಫೋನ್ ನಂಬರು ಮತ್ತು ವೆಬ್ ವಿಳಾಸವನ್ನು. ಅಲ್ಲಿರುವ ವಿಳಾಸವನ್ನೂ ನೀವು ತೆರೆದ ಸೈಟಿನ ವಿಳಾಸವನ್ನೂ ಅಕ್ಷರ ಅಕ್ಷರ ಹೋಲಿಸಿ. ಒಂದು ಅಡ್ಡಗೆರೆ ಅಥವಾ ಒಂದು ಅಕ್ಷರ ಹೆಚ್ಚಿದ್ದರೂ ಅದು ಬೇರೆಯೇ ಸೈಟು. ಅನುಮಾನ ಬಂದರೆ ಪುಟದಲ್ಲಿರುವ ನಂಬರಿಗೆ ಕರೆ ಮಾಡಿ, ನಿಮಗೆ ಬಂದ ಇಮೇಲ್ ವಿಳಾಸವನ್ನು ಓದಿ ಹೇಳಿ ಅದು ಅವರದೇ ಎಂದು ಕೇಳಿ.

ಬಳಿಕ ‘ಪರ್ಮಿಷನ್ಸ್’ ಭಾಗ ನೋಡಿ. ಗ್ರಾಹಕರ ಹಣ ಇಟ್ಟುಕೊಳ್ಳುವ ಅನುಮತಿ ಇದೆಯೇ? ಸಣ್ಣ ಗ್ರಾಹಕರೊಂದಿಗೆ ವ್ಯವಹರಿಸುವ ಅನುಮತಿ ಇದೆಯೇ? ಬರೀ ಸಲಹೆ ಕೊಡಲು ಅನುಮತಿ ಪಡೆದವರು ಹಣ ಕೇಳಿದರೆ ಅದು ನಿಯಮಭಂಗ.

ಸೇಂಟ್ ವಿನ್ಸೆಂಟ್ ದ್ವೀಪದ ನೋಂದಣಿ ಸಂಖ್ಯೆಯನ್ನು ಪರವಾನಗಿಯಂತೆ ತೋರಿಸುವವರು ಬಹಳ. ಅದು ಕಂಪನಿ ಸ್ಥಾಪನೆಯ ಸಂಖ್ಯೆ ಮಾತ್ರ. ತಾನು ಫಾರೆಕ್ಸ್ ವಹಿವಾಟಿಗೆ ಪರವಾನಗಿ ಕೊಡುವುದೇ ಇಲ್ಲವೆಂದು ಅಲ್ಲಿನ ಪ್ರಾಧಿಕಾರವೇ ಹೇಳಿದೆ.

ಗ್ರಾಹಕರ ಹಣ: ದಿನದ ತಾಳೆ ಲೆಕ್ಕ

ನಿಯಮ ಪಾಲನೆಯ ಜೀವಾಳ ಇಲ್ಲಿದೆ. ಉಳಿದದ್ದೆಲ್ಲ ಸರಿಯಿದ್ದು ಇದೊಂದು ತಪ್ಪಿದರೂ ಗ್ರಾಹಕ ಮುಳುಗುತ್ತಾನೆ. ಬ್ರಿಟನ್ನಿನ ‘ಕ್ಯಾಸ್’ ನಿಯಮದಂತೆ ಗ್ರಾಹಕರ ಹಣ ಕಂಪನಿಯ ಸ್ವಂತ ಖಾತೆಯಲ್ಲಿರಬಾರದು. ಬ್ಯಾಂಕಿನಲ್ಲಿ ಪ್ರತ್ಯೇಕ ಟ್ರಸ್ಟ್ ಖಾತೆ ಇರಬೇಕು. ಕಂಪನಿಯ ಸಾಲಕ್ಕೆ ಆ ಹಣವನ್ನು ಮುರಿದುಕೊಳ್ಳುವುದಿಲ್ಲವೆಂದು ಬ್ಯಾಂಕು ಬರೆದುಕೊಟ್ಟ ಪತ್ರ ಕಡತದಲ್ಲಿರಬೇಕು. ಪ್ರತಿ ಕೆಲಸದ ದಿನವೂ ಲೆಕ್ಕ ತಾಳೆ ನೋಡಬೇಕು.

ತಾಳೆ ಹೀಗೆ. ಮೂವರು ಗ್ರಾಹಕರಿದ್ದಾರೆ ಎನ್ನಿ. ಮೊದಲನೆಯವರು ಇಟ್ಟದ್ದು 5,000 ಪೌಂಡ್, ತೆರೆದಿರುವ ವಹಿವಾಟಿನಲ್ಲಿ ನಷ್ಟ 800, ಉಳಿದದ್ದು 4,200. ಎರಡನೆಯವರು ಇಟ್ಟದ್ದು 2,000, ಲಾಭ 300, ಒಟ್ಟು 2,300. ಮೂರನೆಯವರು ಇಟ್ಟದ್ದು 1,000, ನಷ್ಟ 1,150, ಅಂದರೆ ಮೈನಸ್ 150. ಮೂರನ್ನೂ ಕೂಡಿದರೆ 6,350 ಬರುತ್ತದೆ. ಆದರೆ ಟ್ರಸ್ಟ್ ಖಾತೆಯಲ್ಲಿ ಇರಬೇಕಾದದ್ದು 6,500. ಮೂರನೆಯವರ ಮೈನಸ್ಸನ್ನು ಸೊನ್ನೆ ಎಂದೇ ಹಿಡಿಯಬೇಕು, ಏಕೆಂದರೆ ಒಬ್ಬ ಗ್ರಾಹಕನ ಕೊರತೆಯನ್ನು ಇನ್ನೊಬ್ಬನ ಹಣದಿಂದ ತುಂಬುವಂತಿಲ್ಲ. ಬ್ಯಾಂಕಿನಲ್ಲಿ 6,380 ಇದ್ದರೆ, ಕಂಪನಿ ತನ್ನ ಕೈಯಿಂದ 120 ಪೌಂಡನ್ನು ಅದೇ ದಿನ ಹಾಕಬೇಕು. ಹೆಚ್ಚಿದ್ದರೆ ಅದೇ ದಿನ ತೆಗೆಯಬೇಕು, ಇಲ್ಲವಾದರೆ ಯಾರ ಹಣ ಯಾವುದೆಂದು ಕಲಸಿಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಎಡವುವುದು ಆ ಮೈನಸ್ 150ರ ಬಳಿಯೇ.

ತಾಳೆ ನೋಡಿದರೆ ಸಾಲದು, ಬ್ಯಾಂಕಿನ ಲೆಕ್ಕ ಬ್ಯಾಂಕಿನಿಂದಲೇ ಬಂದಿರಬೇಕು. ಅಮೆರಿಕದ ಪಿಎಫ್‌ಜಿ ಬೆಸ್ಟ್ ಎಂಬ ಬ್ರೋಕರ್ ಸಂಸ್ಥೆ 2012ರಲ್ಲಿ ಕುಸಿದಾಗ ಗ್ರಾಹಕರ 20 ಕೋಟಿ ಡಾಲರಿಗೂ ಹೆಚ್ಚು ಹಣ ಇರಲೇ ಇಲ್ಲ. ಅದರ ಮುಖ್ಯಸ್ಥ ವರ್ಷಗಟ್ಟಲೆ ನಕಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತಯಾರಿಸಿದ್ದ. ಲೆಕ್ಕ ಖಚಿತಪಡಿಸಿ ಎಂದು ಬ್ಯಾಂಕಿಗೆ ಹೋಗಬೇಕಿದ್ದ ಪತ್ರಗಳು ಅವನೇ ಪಡೆದಿದ್ದ ಅಂಚೆ ಪೆಟ್ಟಿಗೆಗೆ ಬರುತ್ತಿದ್ದವು, ಉತ್ತರವನ್ನೂ ಅವನೇ ಬರೆಯುತ್ತಿದ್ದ. ಎನ್‌ಎಫ್‌ಎ ಆನ್‌ಲೈನಿನಲ್ಲಿ ಬ್ಯಾಂಕಿನಿಂದಲೇ ದೃಢೀಕರಣ ಕೇಳಲು ಶುರುಮಾಡಿದಾಗ ಗುಟ್ಟು ಹೊರಬಿತ್ತು.

ಗ್ರಾಹಕರಾಗಿ ನೀವು ಮೂರು ಪ್ರಶ್ನೆ ಕೇಳಬಹುದು: ನನ್ನ ಹಣ ಯಾವ ಬ್ಯಾಂಕಿನಲ್ಲಿದೆ, ಅದು ಟ್ರಸ್ಟ್ ಖಾತೆಯೇ, ಹೊರಗಿನ ಆಡಿಟರ್ ಯಾರು? ನಿಯಮ ಪಾಲಿಸುವವರು ಬರವಣಿಗೆಯಲ್ಲಿ ಉತ್ತರಿಸುತ್ತಾರೆ. ದೇಶದಿಂದ ದೇಶಕ್ಕೆ ರಕ್ಷಣೆ ಬೇರೆ ಎಂಬುದೂ ತಿಳಿದಿರಲಿ. ಕಂಪನಿ ದಿವಾಳಿಯಾದರೆ ಬ್ರಿಟನ್ನಿನ ಪರಿಹಾರ ನಿಧಿ ಒಬ್ಬರಿಗೆ 85,000 ಪೌಂಡ್‌ವರೆಗೆ ಕೊಡುತ್ತದೆ, ಸೈಪ್ರಸ್ಸಿನದು 20,000 ಯೂರೋವರೆಗೆ. ಅಮೆರಿಕದಲ್ಲಿ ಬ್ರೋಕರ್‌ಗೆ ಕನಿಷ್ಠ 2 ಕೋಟಿ ಡಾಲರ್ ಬಂಡವಾಳ ಬೇಕು, ಆದರೆ ದಿವಾಳಿಯಾದಾಗ ಫಾರೆಕ್ಸ್ ಗ್ರಾಹಕರಿಗೆ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ನಿಗದಿಪಡಿಸುವ ಒಪ್ಪಂದ) ಗ್ರಾಹಕರಿಗಿರುವ ಆದ್ಯತೆ ಇಲ್ಲ. ವಹಿವಾಟಿನಲ್ಲಿ ಕಳೆದುಕೊಂಡ ಹಣಕ್ಕೆ ಎಲ್ಲಿಯೂ ಪರಿಹಾರವಿಲ್ಲ.

ಕೆವೈಸಿ: ಹೆಸರೇ ತೊಡಕು

ಗುರುತಿನ ಚೀಟಿ, ಇತ್ತೀಚಿನ ವಿಳಾಸದ ದಾಖಲೆ, ಹಣದ ಮೂಲ: ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆಗೆ, ಸಾಮಾನ್ಯವಾಗಿ ಇಷ್ಟನ್ನು ಕೇಳುತ್ತಾರೆ. ಗುರುತನ್ನೇ ಪರಿಶೀಲಿಸದೆ ಖಾತೆ ತೆರೆಯುವ ಬ್ರೋಕರ್ ಎಫ್‌ಎಟಿಎಫ್ ಮಾನದಂಡವನ್ನು ಮುರಿದಿದ್ದಾನೆ ಎಂದೇ ಅರ್ಥ. ಒಳಗೆ ನಿಮ್ಮ ಹೆಸರನ್ನು ವಿಶ್ವಸಂಸ್ಥೆ, ಅಮೆರಿಕ, ಯುರೋಪಿನ ನಿರ್ಬಂಧ ಪಟ್ಟಿಗಳೊಂದಿಗೂ ಅಧಿಕಾರದಲ್ಲಿರುವ ರಾಜಕಾರಣಿಗಳ ಪಟ್ಟಿಯೊಂದಿಗೂ ಹೋಲಿಸುತ್ತಾರೆ.

ಡಬ್ಲಿನ್, ಸಿಡ್ನಿಯಂಥ ಕಡೆ ನೆಲೆಸಿದ ಕನ್ನಡಿಗರ ಅರ್ಜಿ ಸಿಕ್ಕಿಕೊಳ್ಳುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಬ್ಯಾಂಕಿನಲ್ಲಿ ಇನಿಷಿಯಲ್, ವಿದ್ಯುತ್ ಬಿಲ್ಲಿನಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು. ಮಂಜುನಾಥ್ ಒಂದು ಕಡೆ, ಮಂಜುನಾಥ ಇನ್ನೊಂದು ಕಡೆ. ಯಂತ್ರಕ್ಕೆ ಇವು ಇಬ್ಬರು ವ್ಯಕ್ತಿಗಳು. ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಹಣವನ್ನು ನಿಮ್ಮದೇ ಹೆಸರಿನ ಖಾತೆಯಿಂದ ಕಳಿಸಿ, ಗಂಡನ ಅಥವಾ ಹೆಂಡತಿಯ ಕಾರ್ಡಿನಿಂದ ಬೇಡ. ಮೂರನೆಯವರಿಂದ ಬಂದ ಹಣವನ್ನು ಸರಿಯಾದ ಬ್ರೋಕರ್ ವಾಪಸ್ ಕಳಿಸುತ್ತಾನೆ. ಹಿಂಪಡೆಯುವ ಹಣವೂ ಬಂದ ದಾರಿಯಲ್ಲೇ ಹೋಗುತ್ತದೆ.

ಲೆವರೇಜ್: ಎಷ್ಟು ಕೊಡುತ್ತಾನೆ ಎಂಬುದೇ ಸುಳಿವು

ಲೆವರೇಜ್ ಎಂದರೆ ನೀವಿಟ್ಟ ಹಣದ ಎಷ್ಟು ಪಟ್ಟು ವಹಿವಾಟು ತೆರೆಯಬಹುದು ಎಂಬುದು. ಯುರೋಪಿನ ಹಣಕಾಸು ಮಾರುಕಟ್ಟೆ ನಿಯಂತ್ರಕ ಎಸ್ಮಾ 1 ಆಗಸ್ಟ್ 2018ರಿಂದ ಸಣ್ಣ ಗ್ರಾಹಕರಿಗೆ ಪ್ರಮುಖ ಕರೆನ್ಸಿ ಜೋಡಿಗಳಲ್ಲಿ 30ಕ್ಕೆ 1, ಉಳಿದ ಜೋಡಿಗಳಲ್ಲಿ 20ಕ್ಕೆ 1 ಮಿತಿ ಹಾಕಿತು. ಬ್ರಿಟನ್ 2019ರಲ್ಲಿ ಅದನ್ನು ಕಾಯಂ ಮಾಡಿತು, ಆಸ್ಟ್ರೇಲಿಯಾ 29 ಮಾರ್ಚ್ 2021ರಿಂದ ಜಾರಿಗೆ ತಂದಿತು. ಅಮೆರಿಕದಲ್ಲಿ 50ಕ್ಕೆ 1, ಜಪಾನಿನಲ್ಲಿ 25ಕ್ಕೆ 1.

1,000 ಯೂರೋ ಇಟ್ಟು 30ಕ್ಕೆ 1ರಲ್ಲಿ 30,000 ಯೂರೋ ವಹಿವಾಟು ತೆರೆದಿರಿ ಎನ್ನಿ. ಖಾತೆಯ ಮೌಲ್ಯ ಮಾರ್ಜಿನ್ನಿನ (ವಹಿವಾಟಿಗೆ ಆಧಾರವಾಗಿ ಇಟ್ಟ ಹಣದ) ಅರ್ಧಕ್ಕೆ, ಅಂದರೆ 500ಕ್ಕೆ ಇಳಿದಾಗ ಬ್ರೋಕರ್ ವಹಿವಾಟು ಮುಚ್ಚಲೇಬೇಕು. ಅದಕ್ಕೆ ಬೆಲೆ ಸುಮಾರು ಶೇ 1.67 ಜರುಗಬೇಕು. ಅದೇ 1,000ಕ್ಕೆ 500ಕ್ಕೆ 1 ಲೆವರೇಜ್ ಕೊಟ್ಟರೆ ವಹಿವಾಟು 5 ಲಕ್ಷ ಯೂರೋ, ಶೇ 0.2 ಜರುಗಿದರೆ ಪೂರ್ತಿ ಹಣ ಹೋಯಿತು. ಶೇ 0.2 ಎಂಬುದು ಸಾಧಾರಣ ದಿನವೊಂದರ ಏರಿಳಿತ. ಹೀಗಾಗಿ ‘500ಕ್ಕೆ 1’, ‘ಮೊದಲ ಠೇವಣಿಗೆ ಬೋನಸ್’ ಎಂದು ಸಣ್ಣ ಗ್ರಾಹಕರಿಗೆ ಹೇಳುವವರು ಲಂಡನ್ ಅಥವಾ ಸೈಪ್ರಸ್ ನಿಯಮದಡಿ ಆ ಖಾತೆ ತೆರೆಯುತ್ತಿಲ್ಲ. ಆ ನಿಯಮಗಳಲ್ಲಿ ಬೋನಸ್ಸಿಗೂ ನಿಷೇಧವಿದೆ. ತಮ್ಮಲ್ಲಿ ಶೇಕಡ ಎಷ್ಟು ಖಾತೆಗಳು ಹಣ ಕಳೆದುಕೊಂಡಿವೆ ಎಂದು ಪುಟದಲ್ಲೇ ಬರೆಯಬೇಕು. ಎಸ್ಮಾ ಉಲ್ಲೇಖಿಸಿದ ಅಧ್ಯಯನಗಳಲ್ಲಿ ಆ ಪ್ರಮಾಣ ಶೇ 74ರಿಂದ 89 ಇತ್ತು.

ಖಾತೆ ಮೈನಸ್ಸಿಗೆ ಹೋಗದಂತೆ ತಡೆಯುವ ನಿಯಮಕ್ಕೂ ಕಾರಣವಿದೆ. 15 ಜನವರಿ 2015ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂಬ ತಳಮಿತಿಯನ್ನು ಏಕಾಏಕಿ ಕೈಬಿಟ್ಟಿತು. ನಿಮಿಷಗಳಲ್ಲಿ ಬೆಲೆ ಕುಸಿದು, ಮುಚ್ಚುವ ಆದೇಶಗಳಿಗೆ ಎದುರು ಬೆಲೆಯೇ ಸಿಗಲಿಲ್ಲ. ಗ್ರಾಹಕರ ಖಾತೆಗಳು ಸಾಲಕ್ಕೆ ಇಳಿದವು, ಅದು ವಸೂಲಾಗದೆ ಲಂಡನ್ನಿನ ಅಲ್ಪಾರಿ ಯುಕೆ ಕೆಲವೇ ದಿನಗಳಲ್ಲಿ ದಿವಾಳಿಯಾಯಿತು.

ಹೊರಗೆ ಕಾಣದ ಕೆಲಸವೂ ಇದೆ. ಯುರೋಪಿನಲ್ಲಿ ಪ್ರತಿ ಡೆರಿವೇಟಿವ್ (ಬೇರೊಂದರ ಬೆಲೆ ಆಧರಿಸಿದ ಒಪ್ಪಂದ) ವಹಿವಾಟನ್ನು ಮುಂದಿನ ಕೆಲಸದ ದಿನದೊಳಗೆ ವರದಿ ಮಾಡಬೇಕು. 29 ಏಪ್ರಿಲ್ 2024ರಿಂದ ಆ ನಮೂನೆಯಲ್ಲಿ 203 ಅಂಕಣಗಳಿವೆ. ಕಂಪನಿಯ 20 ಅಕ್ಷರದ ಎಲ್‌ಇಐ ಗುರುತನ್ನು ವರ್ಷಕ್ಕೊಮ್ಮೆ ನವೀಕರಿಸಲು ಮರೆತರೆ ವರದಿ ತಿರಸ್ಕೃತವಾಗುತ್ತದೆ. ವಹಿವಾಟಿಗೆ ಸಂಬಂಧಿಸಿದ ಫೋನ್ ಸಂಭಾಷಣೆಯ ದಾಖಲೆ 5 ವರ್ಷ ಇರಬೇಕು. ವಿವಾದ ಬಂದಾಗ ಆ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಭಾರತದಲ್ಲಿ ವಾಸಿಸುವವರಿಗೆ

ಮೇಲಿನ ಎಲ್ಲ ಪರೀಕ್ಷೆಯಲ್ಲೂ ಗೆದ್ದ ವಿದೇಶಿ ಬ್ರೋಕರ್ ಆದರೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ವಾಸಿಸುವವರಿಗೆ ಅವನ ಬಳಿ ಫಾರೆಕ್ಸ್ ವಹಿವಾಟು ನಡೆಸಲು ಕಾನೂನಿನಲ್ಲಿ ಅವಕಾಶವಿಲ್ಲ. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಇದಕ್ಕೆ ಬಿಟ್ಟಿರುವ ದಾರಿ ಅಧಿಕೃತ ಬ್ಯಾಂಕುಗಳು, ಆರ್‌ಬಿಐ ಒಪ್ಪಿದ ವೇದಿಕೆಗಳು, ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳು ಮಾತ್ರ. ವರ್ಷಕ್ಕೆ 2.5 ಲಕ್ಷ ಡಾಲರ್ ಹೊರಗೆ ಕಳಿಸಬಹುದಾದ ಎಲ್‌ಆರ್‌ಎಸ್ ಯೋಜನೆಯಡಿಯಲ್ಲೂ ವಿದೇಶಿ ಮಾರ್ಜಿನ್ನಿಗೆ ಹಣ ಕಳಿಸುವಂತಿಲ್ಲ. ಸಿಕ್ಕಿಬಿದ್ದರೆ ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಈ ನಿಯಮ ನೋಡುವುದು ನೀವು ಎಲ್ಲಿ ನೆಲೆಸಿದ್ದೀರಿ ಎಂಬುದನ್ನು, ಪಾಸ್‌ಪೋರ್ಟನ್ನಲ್ಲ.

ಆರ್‌ಬಿಐ 7 ಸೆಪ್ಟೆಂಬರ್ 2022ರಂದು 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿ, ಆಮೇಲೆ ಬೆಳೆಸುತ್ತಾ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಅನುಮತಿ ಇದೆ ಎಂದಲ್ಲ, ಇದನ್ನು ಆರ್‌ಬಿಐಯೇ ಸ್ಪಷ್ಟಪಡಿಸಿದೆ.

ಕಾನೂನಿನ ದಾರಿಯಲ್ಲಿ ಹೋಗುವವರು ಸೆಬಿಯ ಪಟ್ಟಿಯಲ್ಲಿ ಬ್ರೋಕರ್‌ನ ಐಎನ್‌ಝಡ್ ಎಂದು ಶುರುವಾಗುವ ಸಂಖ್ಯೆಯನ್ನು ಹುಡುಕಿ, ಕರೆನ್ಸಿ ವಿಭಾಗದ ಸದಸ್ಯತ್ವ ಇದೆಯೇ ನೋಡಿ. ಎನ್‌ಎಸ್‌ಇಯಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್ 29 ಆಗಸ್ಟ್ 2008ರಂದು ಶುರುವಾಯಿತು, ಒಂದು ಲಾಟ್ 1,000 ಡಾಲರ್. ಇಲ್ಲೂ ಒಂದು ಷರತ್ತು: 3 ಮೇ 2024ರಿಂದ ಜಾರಿಯಾದ ಆರ್‌ಬಿಐ ನಿರ್ದೇಶನದಂತೆ ರೂಪಾಯಿ ಸೇರಿದ ಒಪ್ಪಂದಕ್ಕೆ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ (ಬರಬೇಕಾದ ಅಥವಾ ಕೊಡಬೇಕಾದ ವಿದೇಶಿ ಹಣ) ಹಿಂದಿರಬೇಕು. ಕೊಡಗಿನ ಕಾಫಿ ರಫ್ತುದಾರರಿಗೆ ಮೂರು ತಿಂಗಳ ನಂತರ ಡಾಲರ್ ಬರುವುದಿದ್ದರೆ ಅವರಿಗದು ಇದೆ. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ, ಆದರೆ ಬಾಧ್ಯತೆ ಇರಲೇಬೇಕು.

ಹಣ ಸಿಕ್ಕಿಕೊಂಡಾಗ

ಅನಧಿಕೃತ ವೇದಿಕೆಗಳು ಯಾರ್ಯಾರದೋ ಯುಪಿಐ ಐಡಿಗೆ ಹಣ ಹಾಕಿಸುತ್ತವೆ, ವಾಪಸ್ ಕೊಟ್ಟರೂ ಅಪರಿಚಿತರ ಖಾತೆಯಿಂದಲೇ ಕೊಡುತ್ತವೆ. ಆ ಹಣ ಬೇರೊಂದು ಸೈಬರ್ ವಂಚನೆಯದಾಗಿದ್ದರೆ ಪೊಲೀಸರು ನಿಮ್ಮ ಸಂಬಳದ ಖಾತೆಯನ್ನೂ ತಡೆಹಿಡಿಯಬಹುದು. ಹಿಂಪಡೆಯಲು ಮುಂಚೆ ‘ತೆರಿಗೆ’ ಅಥವಾ ‘ಪರಿಶೀಲನಾ ಶುಲ್ಕ’ ಕಟ್ಟಿ ಎಂದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಿಯಮದೊಳಗಿನ ಬ್ರೋಕರ್ ಹಾಗೆ ಕೇಳುವುದಿಲ್ಲ.

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣ ಮುಂದೆ ಹೋಗದಂತೆ ಬ್ಯಾಂಕುಗಳು ತಡೆಯಲು ಸಾಧ್ಯವಿರುತ್ತದೆ. ಆಮೇಲೆ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲಿ ಮಾಹಿತಿ. ಯುಟಿಆರ್ ಸಂಖ್ಯೆಗಳು (ಪ್ರತಿ ಹಣ ವರ್ಗಾವಣೆಯ ಗುರುತು ಸಂಖ್ಯೆ), ಹಣ ಹೋದ ಯುಪಿಐ ಐಡಿಗಳು, ಚಾಟ್‌ನ ಪೂರ್ತಿ ಎಕ್ಸ್‌ಪೋರ್ಟ್, ವೆಬ್ ವಿಳಾಸ ಕಾಣುವ ಸ್ಕ್ರೀನ್‌ಶಾಟ್, ಒಪ್ಪಂದದ ಮೊದಲ ಪುಟ ಇಷ್ಟನ್ನು ಕರೆ ಮಾಡುವಾಗಲೇ ಕೈಯಲ್ಲಿಟ್ಟುಕೊಳ್ಳಿ. ಟೆಲಿಗ್ರಾಂ ಗುಂಪಿನಿಂದ ನಿಮ್ಮನ್ನು ತೆಗೆದುಹಾಕಿದ ಮೇಲೆ ಆ ಚಾಟ್ ಮತ್ತೆ ಸಿಗದೆ ಹೋಗಬಹುದು, ಹಾಗಾಗಿ ಅದನ್ನು ಎಲ್ಲಕ್ಕಿಂತ ಮೊದಲು ಉಳಿಸಿಕೊಳ್ಳಿ.