ಹಳೇ ಮಿಲ್ಲಿಂಗ್ ಮಷಿನ್‌ಗೆ ಡಿಆರ್‌ಒ: ಡಿಸ್‌ಪ್ಲೇಗಿಂತ ಬ್ರಾಕೆಟ್ ಮುಖ್ಯ

ತುಮಕೂರಿನವರಿಗೆ ಎಚ್‌ಎಂಟಿ ಎಂದರೆ ಮೊದಲು ನೆನಪಾಗುವುದು ಕೈಗಡಿಯಾರ. ಆದರೆ ಅಂತರಸನಹಳ್ಳಿಯಲ್ಲೋ ಹಿರೇಹಳ್ಳಿಯಲ್ಲೋ ಸಣ್ಣ ಶೆಡ್ ಇಟ್ಟುಕೊಂಡವರಿಗೆ ಅದು ಎಫ್‌ಎನ್ 2 ಮಿಲ್ಲಿಂಗ್ ಮಷಿನ್‌ನ ಹೆಸರೂ ಹೌದು. ವಸಂತನರಸಾಪುರದಲ್ಲಿ ಮಷಿನ್ ಟೂಲ್ ಪಾರ್ಕೇ ಬಂದಿರಬಹುದು. ಎರಡು ತೂತು, ಒಂದು ಸ್ಲಾಟ್ ಇರುವ ಬಿಡಿ ಕೆಲಸಕ್ಕೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಹುಡುಕಿಕೊಂಡು ಹೋಗುವವರು ಕಡಿಮೆ. ಅಂಥ ಕೆಲಸ ಇವತ್ತಿಗೂ ಹ್ಯಾಂಡಲ್ ತಿರುಗಿಸುವ ಮಷಿನ್‌ನಲ್ಲೇ ಆಗುತ್ತದೆ. ಆ ಮಷಿನ್‌ಗೆ ಮಾಡಬಹುದಾದ ಅತ್ಯಂತ ಲಾಭದ ಖರ್ಚು ಟೇಬಲ್ ಸರಿದ ದೂರವನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡ್‌ಔಟ್, ಅಂದರೆ ಡಿಆರ್‌ಒ.

ಹ್ಯಾಂಡಲ್ ಪಕ್ಕದ ಡಯಲ್ ತೋರಿಸುವುದು ಟೇಬಲ್ ಸರಿಸುವ ಲೀಡ್‌ಸ್ಕ್ರೂ ಎಷ್ಟು ತಿರುಗಿತು ಎಂಬುದನ್ನು. ಟೇಬಲ್ ಎಷ್ಟು ಸರಿಯಿತು ಎಂಬುದನ್ನಲ್ಲ. ನಟ್ ಸವೆದು ಕಾಲು ಮಿ.ಮೀ. ಆಟ (ಸಡಿಲ) ಬಂದಿದ್ದರೆ ದಿಕ್ಕು ಬದಲಿಸಿದಾಗಲೆಲ್ಲ ಡಯಲ್ ಅಷ್ಟು ಸುಳ್ಳು ಹೇಳುತ್ತದೆ. ಡಿಆರ್‌ಒ ಸ್ಕ್ರೂವಿನ ತಂಟೆಗೇ ಹೋಗುವುದಿಲ್ಲ. ಟೇಬಲ್‌ಗೆ ಕೂರಿಸಿದ ಗಾಜಿನ ಸ್ಕೇಲ್‌ನಲ್ಲಿ ಸಾಮಾನ್ಯವಾಗಿ 0.02 ಮಿ.ಮೀ.ಗೊಂದರಂತೆ ಗೆರೆಗಳಿರುತ್ತವೆ. ರೀಡರ್ ಹೆಡ್ ಬೆಳಕು ಹಾಯಿಸಿ ಅವನ್ನು ಎಣಿಸುತ್ತದೆ, ಪ್ರತಿ ಗೆರೆಯನ್ನು ನಾಲ್ಕು ಪಾಲು ಮಾಡುತ್ತದೆ. ಹೀಗಾಗಿ ಡಿಸ್‌ಪ್ಲೇ 0.005 ಮಿ.ಮೀ., ಅಂದರೆ ಐದು ಮೈಕ್ರಾನ್ ಹೆಜ್ಜೆಯಲ್ಲಿ ಓಡುತ್ತದೆ.

ಆದರೆ ಆಟ ಅಳತೆಯಿಂದ ಹೋಯಿತೇ ಹೊರತು ಮಷಿನ್‌ನಿಂದ ಹೋಗಲಿಲ್ಲ. ಕಟರ್ ಟೇಬಲ್ಲನ್ನು ತನ್ನತ್ತ ಎಳೆದುಕೊಂಡರೆ ಡಿಸ್‌ಪ್ಲೇ ಅದನ್ನೂ ಪ್ರಾಮಾಣಿಕವಾಗಿ ತೋರಿಸುತ್ತದೆ, ತಡೆಯುವುದಿಲ್ಲ. ಆದ್ದರಿಂದ ಸ್ಕೇಲ್ ಕೊಳ್ಳುವ ಮುಂಚೆ ಜಿಬ್ (ಸ್ಲೈಡ್‌ನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿಸಿ. ಟೇಬಲ್ ಲಾಕ್ ಹಿಡಿಯುತ್ತದೆಯೇ ನೋಡಿ.

ಎಲ್ಲಿ ಕೂರಿಸುವುದು?

ಟೇಬಲ್‌ನ ಉದ್ದ ನೋಡಿ ಸ್ಕೇಲ್ ತರಬೇಡಿ. ಟೇಬಲ್ ಈ ತುದಿಯಿಂದ ಆ ತುದಿಗೆ ಎಷ್ಟು ಓಡುತ್ತದೆ ಅಳೆಯಿರಿ, ಸ್ಕೇಲ್‌ನ ಅಳೆಯುವ ಉದ್ದ ಅದಕ್ಕಿಂತ ತುಸು ಹೆಚ್ಚಿರಲಿ. ಓಟ ಮುಗಿಯುವ ಮುನ್ನ ಹೆಡ್ ಸ್ಕೇಲ್‌ನ ತುದಿಗೆ ಗುದ್ದಿದರೆ ಒಡೆಯುವುದು ಗಾಜು.

ಎಕ್ಸ್ ಸ್ಕೇಲನ್ನು, ಅಂದರೆ ಟೇಬಲ್‌ನ ಎಡ-ಬಲ ಓಟ ಅಳೆಯುವುದನ್ನು, ಹೆಚ್ಚಿನವರು ಟೇಬಲ್ ಹಿಂಬದಿಗೆ ಹಾಕುತ್ತಾರೆ. ಚಿಪ್ಸ್ ಕಡಿಮೆ, ಕೈಗೂ ತಾಗುವುದಿಲ್ಲ. ಆದರೆ ಟೇಬಲ್ ಹೊತ್ತ ಸ್ಯಾಡಲ್ ಪೂರ್ತಿ ಹಿಂದಕ್ಕೆ ಹೋದಾಗ ಸ್ಕೇಲ್ ಮಷಿನ್‌ನ ಕಂಬಕ್ಕೆ (ಕಾಲಂ) ತಾಗಬಹುದು. ವೈ (ಹಿಂದೆ-ಮುಂದೆ) ಓಟದಲ್ಲಿ ಕೊಂಚ ಬಿಟ್ಟುಕೊಡಬೇಕಾಗುತ್ತದೆ. ಮುಂದೆ ಹಾಕಿದರೆ ಟೇಬಲ್ ಲಾಕ್ ಮತ್ತು ಫೀಡ್ ಸ್ಟಾಪ್‌ಗಳು ಅಡ್ಡ ಬರುತ್ತವೆ. ನನ್ನ ಮತ ಹಿಂಬದಿಗೇ. ಡ್ರಿಲ್ ಹಿಡಿಯುವ ಮುನ್ನ ಸ್ಕೇಲನ್ನು ಬರೀ ಕೈಯಲ್ಲಿ ಹಿಡಿದು ಎಲ್ಲ ಓಟಗಳನ್ನೂ ತುದಿವರೆಗೆ ಓಡಿಸಿ ನೋಡಿ. ಎಣ್ಣೆ ನಿಪ್ಪಲ್, ಜಿಬ್ ಸ್ಕ್ರೂ ಮುಚ್ಚಿಹೋಗಬಾರದು. ಸ್ಕೇಲ್‌ನ ರಬ್ಬರ್ ತುಟಿಗಳು ಕೆಳಮುಖವಾಗಿರಲಿ, ಆಗದಿದ್ದರೆ ಕಟರ್‌ಗೆ ಬೆನ್ನು ಹಾಕಿರಲಿ.

ಸಮಯ ಸುರಿಯಬೇಕಾದ ಜಾಗ

ಎಷ್ಟೋ ಕಡೆ ಅವಸರ ಮಾಡುವುದು ಇಲ್ಲೇ. ಹಳೇ ಟೇಬಲ್‌ನ ಹಿಂಬದಿ ಎರಕದ ಒರಟು ಮೈ. ಅದರ ಮೇಲೆ ನೇರ ಬೋಲ್ಟ್ ಬಿಗಿದರೆ ಸ್ಕೇಲ್‌ನ ಅಲ್ಯುಮಿನಿಯಂ ಕವಚ ತಿರುಚಿಕೊಳ್ಳುತ್ತದೆ. ಮೊದಲು ಒಂದು ದಪ್ಪ ಪಟ್ಟಿಯನ್ನು ಬೋಲ್ಟ್ ಮಾಡಿ, ಅದನ್ನು ಶಿಮ್ (ತೆಳು ತಗಡು) ಕೊಟ್ಟು ನೇರ ಮಾಡಿ, ಸ್ಕೇಲನ್ನು ಅದರ ಮೇಲೆ ಕೂರಿಸಿ. ಎಂ6 ಬೋಲ್ಟ್ ಆದರೆ 5 ಮಿ.ಮೀ. ಡ್ರಿಲ್ ಹೊಡೆದು ಟ್ಯಾಪ್ ಹಾಕಿ.

ಈಗ ಡಯಲ್ ಗೇಜನ್ನು ಅಲುಗದ ಭಾಗಕ್ಕೆ ಮ್ಯಾಗ್ನೆಟ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಮೊನೆಯನ್ನು ಸ್ಕೇಲ್‌ಗೆ ತಾಗಿಸಿ ಟೇಬಲ್ ಓಡಿಸಿ. ಮೊದಲು ಮೇಲ್ಭಾಗ, ಆಮೇಲೆ ಮುಂಭಾಗ. ಪೂರ್ತಿ ಓಟದಲ್ಲಿ ಮುಳ್ಳು 0.1 ಮಿ.ಮೀ. ಒಳಗೆ ಇರಲಿ. ಲೆಕ್ಕ ಹಾಕಿದರೆ 600 ಮಿ.ಮೀ.ಗೆ 1 ಮಿ.ಮೀ. ಓರೆಯಾದರೂ ಅಳತೆಯಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನ್‌ಗೂ ಕಡಿಮೆ. ಮತ್ತೇಕೆ ಇಷ್ಟು ಹಟ? ಕೆಡುವುದು ಅಳತೆಯಲ್ಲ, ಹೆಡ್. ಓರೆಯಾದ ಸ್ಕೇಲ್‌ನಲ್ಲಿ ಹೆಡ್ ಒಂದು ತುದಿಯಲ್ಲಿ ಉಜ್ಜುತ್ತದೆ, ಇನ್ನೊಂದು ತುದಿಯಲ್ಲಿ ಎಣಿಕೆ ತಪ್ಪುತ್ತದೆ.

ಹೆಡ್‌ಗೂ ಸ್ಕೇಲ್‌ಗೂ ನಡುವೆ ಎಷ್ಟು ಸಂದು ಎಂಬುದಕ್ಕೆ ಪೆಟ್ಟಿಗೆಯಲ್ಲೇ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ಹೆಡ್ಡನ್ನು ಮಷಿನ್‌ಗೆ ಹಿಡಿದಿಡುವ ಬ್ರಾಕೆಟ್‌ನ ಬೋಲ್ಟ್ ಪೂರ್ತಿ ಬಿಗಿಯಾಗುವ ತನಕ ಅವನ್ನು ತೆಗೆಯಬೇಡಿ. ಬಿಗಿದ ಮೇಲೆ, ಟೇಬಲ್ ಓಡಿಸುವ ಮೊದಲು, ಮರೆಯದೆ ತೆಗೆಯಿರಿ.

ಬ್ರಾಕೆಟ್ ತೆಳು ತಗಡಿನದಾಗಬಾರದು. ಬೆರಳಿಂದ ಒತ್ತಿ ನೋಡಿ: ಡಿಸ್‌ಪ್ಲೇಯ ಅಂಕಿ ಬದಲಾಗಿ, ಕೈ ಬಿಟ್ಟ ಮೇಲೂ ವಾಪಸ್ ಬರದಿದ್ದರೆ ಅದನ್ನು ಬಿಚ್ಚಿ ದಪ್ಪನೆಯದು ಮಾಡಿ. ಹೊಸ ಡಿಆರ್‌ಒ ಹಾಕಿದರೂ ಬ್ಯಾಕ್‌ಲ್ಯಾಷ್ (ಆಟ) ತೋರಿಸುತ್ತಿದೆ ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಕೇಬಲ್‌ಗೆ ಟೇಬಲ್ ಎರಡೂ ತುದಿಗೆ ಹೋಗುವಷ್ಟು ಸಡಿಲ ಬಿಡಿ. ಡಿಸ್‌ಪ್ಲೇಯ ಅರ್ಥಿಂಗ್ ತಂತಿಯನ್ನು ಮಷಿನ್ ಮೈಗೆ ಸೇರಿಸಿ. ಡಿಸ್‌ಪ್ಲೇಗೆ ವೆಲ್ಡಿಂಗ್ ಮಷಿನ್ ಇರುವ ಕರೆಂಟ್ ಲೈನ್ ಬೇಡ.

ಪರೀಕ್ಷೆ, ಬಳಕೆ

ಕಟರ್ ತಿರುಗಿಸುವ ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ. 100 ಮಿ.ಮೀ. ಸ್ಲಿಪ್ ಗೇಜನ್ನು (ಕರಾರುವಾಕ್ಕು ಉದ್ದದ ಉಕ್ಕಿನ ತುಂಡು) ಟೇಬಲ್ ಮೇಲಿನ ಒಂದು ಸ್ಟಾಪ್‌ಗೆ ಒತ್ತಿ ನಿಲ್ಲಿಸಿ. ಸ್ಲಿಪ್‌ನ ಮುಖಕ್ಕೆ ಡಯಲ್‌ನ ಮೊನೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದು ಡಿಆರ್‌ಒ ಸೊನ್ನೆ ಮಾಡಿ. ಸ್ಲಿಪ್ ತೆಗೆದು, ಮೊನೆ ಸ್ಟಾಪ್‌ಗೆ ತಾಗಿ ಮುಳ್ಳು ಮತ್ತೆ ಸೊನ್ನೆಗೆ ಬರುವವರೆಗೆ ಟೇಬಲ್ ಸರಿಸಿ. ಡಿಸ್‌ಪ್ಲೇ 99.990 ತೋರಿಸಿದರೆ 100ಕ್ಕೆ ಹತ್ತು ಮೈಕ್ರಾನ್ ಕಡಿಮೆ. ಡಿಸ್‌ಪ್ಲೇಯಲ್ಲಿ ಅಳತೆ ತಿದ್ದುವ ಲೀನಿಯರ್ ಕಾಂಪೆನ್ಸೇಷನ್‌ನಲ್ಲಿ ಅಷ್ಟನ್ನು ಸೇರಿಸಿ. ಆದರೆ ಟೇಬಲ್‌ನ ಎರಡು ಮೂರು ಜಾಗದಲ್ಲಿ ನೋಡಿದ ಮೇಲೆ ಮಾತ್ರ. ಒಂದೊಂದು ಕಡೆ ಒಂದೊಂದು ತಪ್ಪು ಬಂದರೆ ಸವೆದಿರುವುದು ಸ್ಲೈಡ್. ಒಂದೇ ಅಂಕಿ ತುಂಬಿ ಅದನ್ನು ಸರಿಮಾಡಲು ಆಗದು.

ಜಾಬ್‌ನ ನಡುಬಿಂದು ಹುಡುಕುವುದು ಈಗ ಸಲೀಸು. ಎಡ್ಜ್ ಫೈಂಡರ್ (ಅಂಚು ಹುಡುಕಲು ಸ್ಪಿಂಡಲ್‌ಗೆ ಹಾಕುವ ಸರಳು) ಎಡ ಅಂಚಿಗೆ ತಾಗಿಸಿ ಸೊನ್ನೆ ಮಾಡಿ, ಬಲ ಅಂಚಿಗೆ ತಾಗಿಸಿ ಅರ್ಧದ ಬಟನ್ ಒತ್ತಿ, ಸೊನ್ನೆ ಬರುವ ತನಕ ಟೇಬಲ್ ಸರಿಸಿ. ಫೈಂಡರ್‌ನ ದಪ್ಪ ಎರಡೂ ಕಡೆ ಒಂದೇ ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಅಂಚಿನಿಂದ ಅಳೆಯುವುದಾದರೆ ಮಾತ್ರ 10 ಮಿ.ಮೀ. ಫೈಂಡರ್‌ಗೆ 5 ಮಿ.ಮೀ. ಸರಿಸಿ ಮತ್ತೆ ಸೊನ್ನೆ ಮಾಡಬೇಕು.

ಫ್ಲ್ಯಾಂಜ್‌ಗೆ 80 ಮಿ.ಮೀ. ಪಿಸಿಡಿಯಲ್ಲಿ (ತೂತುಗಳ ನಡುಬಿಂದು ಕೂರುವ ವೃತ್ತದ ವ್ಯಾಸ) ಆರು ತೂತು ಬೇಕೆನ್ನಿ. ರೋಟರಿ ಟೇಬಲ್ ಬೇಡ. ಕೇಂದ್ರವನ್ನು ಸೊನ್ನೆ ಮಾಡಿ ವ್ಯಾಸ, ತೂತಿನ ಸಂಖ್ಯೆ, ಶುರುವಿನ ಕೋನ ಕೊಟ್ಟರೆ ಸಾಕು. ಮೊದಲ ತೂತು ಎಕ್ಸ್ 40, ವೈ 0; ಎರಡನೆಯದು ಎಕ್ಸ್ 20, ವೈ 34.640 (ಲೆಕ್ಕದಲ್ಲಿ 34.641, ಐದು ಮೈಕ್ರಾನ್ ಹೆಜ್ಜೆಗೆ ಅದು ಸಿಗದು). ಪ್ರತಿ ಜಾಗದಲ್ಲೂ ಟೇಬಲ್ ಲಾಕ್ ಮಾಡಿ, ಲಾಕ್ ಮಾಡಿದ ಮೇಲೆ ಅಂಕಿ ಇನ್ನೊಮ್ಮೆ ನೋಡಿ. ಮೊದಲು ಸೆಂಟರ್ ಡ್ರಿಲ್‌ನಲ್ಲಿ ಆರನ್ನೂ ಚುಚ್ಚಿ, ಸ್ಟೀಲ್ ಅಳತೆಪಟ್ಟಿ ಇಟ್ಟು ಅಂದಾಜು ಅಳೆದು, ಆಮೇಲೆ ಕೊರೆಯಿರಿ.

ಲೇತ್‌ಗೂ ವಿಧಾನ ಇದೇ. ಟೂಲನ್ನು ಒಳಕ್ಕೆ-ಹೊರಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ಗೆ ಮಾತ್ರ ಒಂದು ಮೈಕ್ರಾನ್ ಹೆಜ್ಜೆಯ ಸ್ಕೇಲ್ ಹಾಕಿ, ಡಿಸ್‌ಪ್ಲೇಯನ್ನು ವ್ಯಾಸದ ಮೋಡ್‌ನಲ್ಲಿಡಿ, ಟೂಲ್ 0.5 ಒಳಗೆ ಹೋದರೆ ಜಾಬ್ 1 ಮಿ.ಮೀ. ಇಳಿಯುತ್ತದೆ.

ಕರೆಂಟ್ ಹೋದಾಗ ಹ್ಯಾಂಡಲ್ ಮುಟ್ಟಬೇಡಿ, ಟೇಬಲ್ ಲಾಕ್ ಮಾಡಿ ಕಾಯಿರಿ. ಡಿಸ್‌ಪ್ಲೇ ಆಫ್ ಇದ್ದಾಗ ಟೇಬಲ್ ಸರಿದರೆ ಡಿಆರ್‌ಒಗೆ ಅದು ಗೊತ್ತಾಗುವುದಿಲ್ಲ. ಸ್ಕೇಲ್‌ನಲ್ಲಿರುವ ರೆಫರೆನ್ಸ್ ಗುರುತನ್ನು ಜಾಬ್ ಶುರು ಮಾಡುವಾಗಲೇ ಹಿಡಿದಿಟ್ಟಿದ್ದರೆ ಮಾತ್ರ ಸೊನ್ನೆ ವಾಪಸ್ ಸಿಗುತ್ತದೆ. ಮತ್ತೆ, ಸಂಜೆ ಮಷಿನ್ ಒರೆಸುವ ಹುಡುಗನ ಕೈಗೆ ಬ್ರಷ್ ಕೊಡಿ. ಏರ್ ಗನ್ ಹಿಡಿದರೆ ಚಿಪ್ಸ್, ಕೂಲೆಂಟ್ ಎಲ್ಲ ರಬ್ಬರ್ ತುಟಿ ದಾಟಿ ಗಾಜಿನ ಮೇಲೆ ಹೋಗಿ ಕೂರುತ್ತವೆ.