ಹಸುಗಳು ಬೆಟ್ಟ ಇಳಿಯುವ ಹಬ್ಬಕ್ಕೆ ಹೋಗಿ ಬನ್ನಿ

ಸ್ವಿಟ್ಜರ್‌ಲೆಂಡಿಗೆ ಬಂದ ಮೊದಲ ವರ್ಷ ಎಲ್ಲರೂ ಯುಂಗ್‌ಫ್ರಾವ್, ಟಿಟ್ಲಿಸ್ ನೋಡಲು ಓಡುತ್ತಾರೆ. ಆ ಬೆಟ್ಟಗಳು ಅಲ್ಲೇ ಇರುತ್ತವೆ, ಯಾವಾಗ ಬೇಕಾದರೂ ನೋಡಬಹುದು. ಸೆಪ್ಟೆಂಬರಿನ ಒಂದು ಶನಿವಾರವನ್ನು ಮಾತ್ರ ಆಲ್ಪ್‌ಅಬ್‌ಟ್ಸುಗ್‌ಗೆ ಮೀಸಲಿಡಿ. ಫ್ರೆಂಚ್ ಭಾಗದಲ್ಲಿ ಇದನ್ನು ಡೆಸಾಲ್ಪ್ ಅನ್ನುತ್ತಾರೆ. ಬೇಸಿಗೆಯಿಡೀ ಬೆಟ್ಟದ ಮೇಲೆ ಮೇಯ್ದ ಹಸುಗಳು ತಲೆಗೆ ಹೂವು, ಕೊರಳಿಗೆ ದೊಡ್ಡ ಗಂಟೆ ಕಟ್ಟಿಸಿಕೊಂಡು ಊರಿಗೆ ಇಳಿಯುವ ದಿನ ಅದು. ಸಂಕ್ರಾಂತಿಗೆ ರಾಸು ಸಿಂಗರಿಸಿದ ಮನೆಯವರಿಗೆ ಇದು ತಮ್ಮದೇ ಹಬ್ಬ ಅನಿಸುತ್ತದೆ.

ಲುಸರ್ನ್ ಪ್ರಾಂತ್ಯದ ಶ್ಯುಪ್‌ಫ್‌ಹೈಮ್, ಫ್ರಿಬೂರ್ಗ್ ಪ್ರಾಂತ್ಯದ ಶಾರ್ಮೆ ಇದಕ್ಕೆ ಹೆಸರಾದ ಊರುಗಳು. ಚಿಕ್ಕ ಹಳ್ಳಿಗಳಲ್ಲೂ ನಡೆಯುತ್ತದೆ. ನಮ್ಮ ಸಲಹೆ ಕೇಳಿದರೆ, ಚಿಕ್ಕ ಹಳ್ಳಿಯೇ ಚೆಂದ. ಜನ ಕಡಿಮೆ, ಮಾತಿಗೆ ಸಿಗುತ್ತಾರೆ. ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಊರಿನ ವೆಬ್‌ಸೈಟ್ ನೋಡಿಕೊಂಡು ಹೊರಡಿ.

ಮೆರವಣಿಗೆ ಮುಗಿಯಿತು ಅಂತ ಸುಮ್ನೆ ಎದ್ದು ಬರಬೇಡಿ. ಹಾಡು, ವಾದ್ಯ ಕೇಳಿಯೇ ಬನ್ನಿ. ಸುಮಾರು 3.4 ಮೀಟರ್ ಉದ್ದದ ಆಲ್ಪ್‌ಹಾರ್ನ್ ಅನ್ನು ಹತ್ತಿರ ನಿಂತು ಕೇಳಿ. ಆ ಮರದ ಕೊಳವೆಗೆ ಬೆರಳಿಡುವ ತೂತಿಲ್ಲ, ಒತ್ತುವ ಗುಂಡಿಯೂ ಇಲ್ಲ. ಸ್ವರವೆಲ್ಲ ತುಟಿ ಮತ್ತು ಉಸಿರಿನಿಂದಲೇ ಬರಬೇಕು. ಸಂಗೀತ ಕಲಿತವರಿದ್ದರೆ ಅದರ ಮಧ್ಯಮವನ್ನು ಗಮನಿಸಿ. ಅದು ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ, ಎರಡರ ನಡುವೆ ನಿಲ್ಲುತ್ತದೆ. ಅಪಸ್ವರ ಅಂದುಕೊಳ್ಳಬೇಡಿ, ಆ ವಾದ್ಯದ ಸಹಜ ಸ್ವರವೇ ಅದು. ಯೋಡೆಲ್ ಅನ್ನುವುದು ಇಲ್ಲಿನ ಬೆಟ್ಟದ ಹಾಡು. ಅದನ್ನು ಹಾಡುವವರು ಎದೆಯ ದನಿಯಿಂದ ತೆಳುವಾದ ಎತ್ತರದ ಕಳ್ಳದನಿಗೆ ಸರಕ್ಕನೆ ಜಿಗಿಯುತ್ತಾರೆ. ಅಪೆನ್‌ಝೆಲ್ ಕಡೆಯ ಯೋಡೆಲ್‌ನಲ್ಲಿ ಪದಗಳೇ ಇರುವುದಿಲ್ಲ. ಜರ್ಮನ್ ಬಾರದ ನಮಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ, ಅಲ್ವಾ? ಅದೇ ಕಡೆಯವರು ಮಣ್ಣಿನ ಬಟ್ಟಲಿನೊಳಗೆ ಐದು ಫ್ರಾಂಕಿನ ನಾಣ್ಯವನ್ನು ಗಿರಗಿರ ಓಡಿಸಿ ಹಾಡಿಗೆ ಶ್ರುತಿ ಹಿಡಿಯುವುದೂ ಉಂಟು. ಮಕ್ಕಳಿಗೆ ತಪ್ಪದೆ ತೋರಿಸಿ.

ಊಟಕ್ಕೆ ಆಲ್ಪ್ಲರ್‌ಮಾಗ್ರೊನೆನ್ ಸಿಗುತ್ತದೆ. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಜೊತೆಗೆ ಸೇಬಿನ ಗೊಜ್ಜು. ಕೆಲವು ಕಡೆ ಹಂದಿ ಮಾಂಸದ ಚೂರು ಹಾಕುತ್ತಾರೆ. ಸಸ್ಯಾಹಾರಿಗಳು "ಓನೆ ಶ್ಪೆಕ್", ಅಂದರೆ ಹಂದಿ ಮಾಂಸ ಬೇಡ, ಎಂದು ಮೊದಲೇ ಹೇಳಿ. ಕರಗಿಸಿದ ಚೀಸಿನ ರಾಕ್ಲೆಟ್ ಇದ್ದರೆ ಚಿಂತೆಯೇ ಇಲ್ಲ.

ರಸ್ತೆ ಮುಚ್ಚಿರುತ್ತಾರೆ, ರೈಲಿನಲ್ಲೇ ಹೋಗಿ. 30 ಫ್ರಾಂಕಿನ ಜೂನಿಯರ್ ಕಾರ್ಡ್ ಮಾಡಿಸಿದರೆ 16 ವರ್ಷದೊಳಗಿನ ಮಕ್ಕಳು ಅಪ್ಪ ಅಮ್ಮನ ಜೊತೆ ವರ್ಷವಿಡೀ ಉಚಿತವಾಗಿ ಓಡಾಡಬಹುದು. ಕೈಯಲ್ಲಿ ಸ್ವಲ್ಪ ಚಿಲ್ಲರೆ, ಬೆನ್ನಿಗೆ ಮಳೆ ಕೋಟು ಇರಲಿ. ಗಂಟೆಗಳ ಸದ್ದು ಜಾಸ್ತಿ, ಹಸುಗೂಸಿದ್ದರೆ ದೂರ ನಿಲ್ಲಿ. ಹಸುಗಳನ್ನು ಮುಟ್ಟಲು ಮುಂದೆ ಹೋಗಬೇಡಿ. ಒಬ್ಬರೇ ಹೋಗಲು ಮುಜುಗರವಾದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿ, ಜೊತೆಗೆ ಯಾರಾದರೂ ಬರುತ್ತೇವೆ.