ಮೂರು ಬಣ್ಣದಲ್ಲಿ ಹಾರ್ಲೆಮ್‌ನ ಮ್ಯಾಕ್‌ಬೆತ್

ನನ್ನದು ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಕೈಚೀಲ, ಇಷ್ಟೇ. ಅದೇ ಸ್ಕ್ರೀನಿನಲ್ಲಿ ಒಂದು ನಾಟಕದ ಪೋಸ್ಟರ್ ತೆಗೆಯಬೇಕು ಅನ್ನಿಸಿದ್ದು ಅಮೆರಿಕ ಸರ್ಕಾರದ ಹಳೆಯ ಉದ್ಯೋಗ ಯೋಜನೆ ಡಬ್ಲ್ಯೂಪಿಎಯ ಪೋಸ್ಟರುಗಳನ್ನು ನೋಡಿದ ಮೇಲೆ. ಅಲ್ಲಿನ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನವರು 900ಕ್ಕೂ ಹೆಚ್ಚು ಪೋಸ್ಟರ್ ಆನ್‌ಲೈನ್ ಹಾಕಿದ್ದಾರೆ. ದುಡ್ಡು ಕೊಡದೆ ಹತ್ತಿರದಿಂದ ನೋಡಬಹುದು.

ಅವೆಲ್ಲ ಕೆಲಸವಿಲ್ಲದ ಕಾಲದಲ್ಲಿ ಹುಟ್ಟಿದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಈ ಯೋಜನೆಯಲ್ಲಿ ರಸ್ತೆ, ಸೇತುವೆ ಕಟ್ಟುವವರ ಜೊತೆಗೆ ನಟರು, ಚಿತ್ರ ಬರೆಯುವವರಿಗೂ ಸಂಬಳದ ಕೆಲಸ ಕೊಟ್ಟಿತು. ನಾಟಕದ ಭಾಗ ಫೆಡರಲ್ ಥಿಯೇಟರ್ ಪ್ರಾಜೆಕ್ಟ್. ಅದನ್ನು ನಡೆಸಿದವರು ಹ್ಯಾಲಿ ಫ್ಲಾನಗನ್. ನ್ಯೂಯಾರ್ಕಿನಲ್ಲಿ ಒಬ್ಬ ನಟನಿಗೆ ವಾರಕ್ಕೆ 23.86 ಡಾಲರ್ ಸಿಗುತ್ತಿತ್ತು. ಮನೆ ನಡೆಯಲು ಅಷ್ಟಾದರೂ ಬಂತು, ಅದು ಸಣ್ಣ ಮಾತಲ್ಲ.

ಮೊದಮೊದಲು ಪೋಸ್ಟರುಗಳನ್ನು ಒಂದೊಂದಾಗಿ ಕೈಯಲ್ಲೇ ಬರೆಯುತ್ತಿದ್ದರು. ಆಂಥನಿ ವೆಲೋನಿಸ್ ಅನ್ನೋ ಕಲಾವಿದ ಅಲ್ಲಿಗೆ ರೇಷ್ಮೆ ಬಟ್ಟೆಯ ಸ್ಕ್ರೀನ್ ತಂದರು. ಅಂಗಡಿ ಬೋರ್ಡು ಮಾಡುವವರ ವಿಧಾನ ಅದು, ಆಗಿನ್ನೂ ಕಲೆ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಚಿತ್ರದಿಂದ ನೂರಾರು ಪ್ರತಿ ಬರತೊಡಗಿದವು, ಖರ್ಚೂ ಕಡಿಮೆ.

ನಾನು ಆರಿಸಿಕೊಂಡಿದ್ದು ಆ ಯೋಜನೆಯವರು ಆಡಿದ ಶೇಕ್ಸ್‌ಪಿಯರನ ಮ್ಯಾಕ್‌ಬೆತ್. 1936ರ ಏಪ್ರಿಲ್ 14, ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಲಫಾಯೆಟ್ ಥಿಯೇಟರ್. ನಟರೆಲ್ಲ ಕಪ್ಪು ಜನ, ನಿರ್ದೇಶಕ ಆರ್ಸನ್ ವೆಲ್ಸ್, ಆಗ ಅವರಿಗೆ ಬರೀ 20 ವರ್ಷ. ಕಥೆಯನ್ನು ಸ್ಕಾಟ್‌ಲೆಂಡಿನಿಂದ ಹೈತಿಯಂಥ ಒಂದು ದ್ವೀಪಕ್ಕೆ ಎತ್ತಿಟ್ಟರು, ಮಾಟಗಾತಿಯರ ಜಾಗದಲ್ಲಿ ಹೈತಿಯ ಜನಪದ ಧರ್ಮವಾದ ವೂಡೂ ಬಂತು, ಡೋಲು ಬಂತು, ಸುತ್ತ ಕಾಡು ಬಂತು. ಹಳೆಯ ಪೋಸ್ಟರನ್ನು ನಕಲು ಮಾಡುವುದು ನನಗೆ ಬೇಕಿರಲಿಲ್ಲ. ಅವರ ಕಟ್ಟುಪಾಡಿನಲ್ಲೇ ನನ್ನದೊಂದು ಮಾಡಬೇಕಿತ್ತು.

ಹಾಗಾಗಿ ಕಂಪ್ಯೂಟರ್ ಮುಟ್ಟಲಿಲ್ಲ. ಬಣ್ಣ ಎಲ್ಲಿ ಬೀಳಬೇಕು ಅಂತ ತೋರಿಸುವ ಅಚ್ಚಿನ ಫಿಲ್ಮನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಬ್ಲೇಡಿನಲ್ಲಿ ಕತ್ತರಿಸುವಾಗ ಸಣ್ಣ ಗೆರೆ, ನೆರಳಿನ ಏರಿಳಿತ ಯಾವುದೂ ನಿಲ್ಲುವುದಿಲ್ಲ, ಕಣ್ಣು ಮೂಗು ಬರೆಯುವ ಆಸೆ ಬಿಟ್ಟು ದೊಡ್ಡ ಆಕಾರಗಳನ್ನೇ ನಂಬಬೇಕು. ಆ ಪೋಸ್ಟರುಗಳು ಯಾಕೆ ಅಷ್ಟು ಗಟ್ಟಿಯಾಗಿ ಕಾಣುತ್ತವೆ ಅಂತ ನನಗೆ ಕೈಯಿಂದಲೇ ತಿಳಿಯಿತು. ಒಂದು ಕಿರೀಟ, ಅದರ ಹಿಂದೆ ತಾಳೆಗರಿ, ಕೆಳಗೆ ಡೋಲು.

ಬಣ್ಣ ಮೂರೇ: ಹಳದಿ, ಹಸಿರು, ಕಪ್ಪು. ಕಾಗದದ ಮಾಸಲು ಬಿಳಿ ಸುಮ್ನೆ ಸಿಗುವ ನಾಲ್ಕನೆಯದು, ಅಕ್ಷರಗಳನ್ನು ಅದರಲ್ಲೇ ಬಿಟ್ಟೆ. ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ. ಹಳದಿಯ ಅಂಚನ್ನು ಕಪ್ಪಿನ ಅಡಿಗೆ ಸ್ವಲ್ಪ ಜಾಸ್ತಿ ಚಾಚಿದರೆ ಕಾಗದ ಕೂದಲೆಳೆಯಷ್ಟು ಸರಿದರೂ ನಡುವೆ ಬಿಳಿ ಸಂದು ಕಾಣುವುದಿಲ್ಲ. ಟೇಬಲ್ಲಿಗೆ ಮೂರು ಕಡೆ ರಟ್ಟಿನ ತುಂಡು ಅಂಟಿಸಿ ಪ್ರತಿ ಹಾಳೆಯನ್ನೂ ಅದಕ್ಕೇ ತಾಗಿಸಿ ಇಟ್ಟೆ. ಒಂದು ಬಣ್ಣ ಪೂರ್ತಿ ಒಣಗದೆ ಇನ್ನೊಂದನ್ನು ಎಳೆಯಬಾರದು.

ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು, 1939ರ ಜೂನ್ 30ಕ್ಕೆ ಆ ನಾಟಕ ಯೋಜನೆ ಮುಗಿಯಿತು. ಡಬ್ಲ್ಯೂಪಿಎ ಒಟ್ಟು 35,000 ವಿನ್ಯಾಸಗಳಲ್ಲಿ 20 ಲಕ್ಷ ಪೋಸ್ಟರ್ ಮುದ್ರಿಸಿತ್ತು, ಈಗ ಉಳಿದಿರುವುದು ಸುಮಾರು 2,000 ಅಂತಾರೆ. ಇದು ನೆನಪಾದಾಗಲೆಲ್ಲ ಸಂಕಟವಾಗುತ್ತದೆ. ಬಡವರ ಮನೆಗಳ ಪಾಡನ್ನೇ ರಂಗಕ್ಕೆ ತಂದ 1938ರ 'ಒನ್ ಥರ್ಡ್ ಆಫ್ ಎ ನೇಷನ್' ನಾಟಕಕ್ಕೆ ಈಗ ಫಿಲ್ಮ್ ಕತ್ತರಿಸುತ್ತಿದ್ದೇನೆ, ಈ ಸಲ ಎರಡೇ ಬಣ್ಣ.